ಜೆಸಿಬಿ ಬರುವ ಮುನ್ನ

ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ, ಮಡಕಶಿರ ಮಂಡಲಗಳ ಕೆರೆ ಅಚ್ಚುಕಟ್ಟಿನ ರೈತರಿಗೆ, ನೀರು ಬಳಕೆದಾರರ ಸಂಘಗಳ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,



ಹೋದ ಬೇಸಿಗೆ ಊರಿಗೆ ಬಂದಿದ್ದೆ. ಬೆಳಿಗ್ಗೆ ಎದ್ದವನೇ ಅಭ್ಯಾಸದಂತೆ ಕೆರೆ ಏರಿ ಹತ್ತಿದೆ. ಕೆರೆಯಂಗಳದಲ್ಲಿ ಎರಡು ಜೆಸಿಬಿ, ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳು. ತೂಬಿನ ಮುಂದೆ ಎಕರೆಯಷ್ಟು ನೀರು ಉಳಿದಿತ್ತು. ಆ ನೀರಿನ ಅಂಚನ್ನೇ ಒಂದು ಯಂತ್ರ ಬಗೆಯುತ್ತಿತ್ತು. ಏರಿಯ ಕಲ್ಲುಕಟ್ಟಡದ ಮೇಲೆ ಹನ್ನೊಂದು ಬಣ್ಣದ ಕೊಕ್ಕರೆಗಳು ಸುಮ್ಮನೆ ನಿಂತಿದ್ದವು. ಎಣಿಸಿದ್ದರಿಂದಲೇ ಸಂಖ್ಯೆ ನೆನಪಿದೆ. ಯಂತ್ರ ನಿಂತಾಗ ಒಂದೆರಡು ಕೆಳಗಿಳಿದು ನೀರಿಗೆ ಕಾಲಿಡುತ್ತಿದ್ದವು. ಅಂಚಿನಲ್ಲೇ ಆಳ ತೋಡಿದ್ದರಿಂದ ಕಾಲು ಸಿಗದೆ ರೆಕ್ಕೆ ಬಡಿದು ಮತ್ತೆ ಏರಿಗೇ ಬರುತ್ತಿದ್ದವು. ಬಿಸಿಲು ಏರಿದ ಮೇಲೆ ಶಿರಾ ದಿಕ್ಕಿಗೆ ಹಾರಿಹೋದವು. ಮರುದಿನ ಬರಲಿಲ್ಲ.

ನಾನು ಆಂಧ್ರದ ಗಡಿಯಲ್ಲಿರುವ ಅಗಳಿ ಮಂಡಲದ ಹಳ್ಳಿಯೊಂದರವನು. ನಮ್ಮ ತಾತ ಕೆರೆ ನೀರು ಹಂಚುವ ನೀರುಗಂಟಿ. ತುಮಕೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಈಗ ಅದನ್ನೇ ಮಕ್ಕಳಿಗೆ ಹೇಳಿಕೊಡುತ್ತೇನೆ. ಹೂಳೆತ್ತಬೇಡಿ ಎಂದು ಹೇಳುವುದಕ್ಕೆ ನಾನು ಈ ಕಾಗದ ಬರೆಯುತ್ತಿಲ್ಲ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ಕೆರೆಯಲ್ಲಿ ಒಂದು ಅಡಿ ನೀರು ಹೆಚ್ಚಿಗೆ ನಿಂತರೆ ಬಾವಿಗೆ, ಅಡಿಕೆ ತೋಟಕ್ಕೆ, ಹಿಪ್ಪುನೇರಳೆಗೆ ಎಷ್ಟು ತಿಂಗಳ ಉಸಿರು ಸಿಗುತ್ತದೆಂದು ನನಗೂ ಗೊತ್ತು. ಕಡಲೆಕಾಯಿ ಹೊಲಕ್ಕೆ ಕೆರೆಗೋಡು ಹೊಡೆಸಿ ಅಪ್ಪ ಬೆಳೆ ಎತ್ತಿದ್ದನ್ನು ಕಣ್ಣಾರೆ ಕಂಡವನು ನಾನು. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನಮ್ಮ ಕಡೆ ಫ್ಲೋರೈಡ್ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿದು ಹಲ್ಲು ಹಳದಿಯಾದ, ಮೊಣಕಾಲು ಬಾಗಿದ ಜನ ಪಾವಗಡದಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಕೆರೆ ತುಂಬಿ ನೀರು ಇಂಗಿದರೆ ಆ ವಿಷ ತಿಳಿಯಾಗುತ್ತದೆ. ಹೂಳು ತೆಗೆಯಲೇಬೇಕು.

ಆದರೆ ಹೇಗೆ ತೆಗೆಯುತ್ತೇವೆ, ಎಲ್ಲಿ ತೆಗೆಯುತ್ತೇವೆ, ತೆಗೆಯುವ ಮೊದಲು ಅಲ್ಲಿ ಏನಿತ್ತೆಂದು ಯಾರಾದರೂ ನೋಡಿದ್ದಾರೆಯೇ? ನಾನು ಕೇಳಬೇಕೆಂದಿರುವುದು ಇಷ್ಟೇ.

ಆ ಹನ್ನೊಂದು ಕೊಕ್ಕರೆಗಳಿಂದಲೇ ಶುರುಮಾಡುತ್ತೇನೆ. ಬಣ್ಣದ ಕೊಕ್ಕರೆ ಕಣ್ಣಿನಿಂದ ಮೀನು ಹುಡುಕುವ ಹಕ್ಕಿಯಲ್ಲ. ಕೊಕ್ಕನ್ನು ಅರ್ಧ ತೆರೆದು ನೀರಿಗಿಳಿಸಿ, ಕಡಗೋಲಿನಂತೆ ಅತ್ತಿತ್ತ ಆಡಿಸುತ್ತ, ಕಾಲಿನಿಂದ ಕೆಸರು ಕದಡುತ್ತ ಹೆಜ್ಜೆಹೆಜ್ಜೆಯಾಗಿ ನಡೆಯುತ್ತದೆ. ಮೀನು ತಾಗಿದ ಕ್ಷಣಕ್ಕೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ಗೇಣುದ್ದದ ನೀರು, ಅಬ್ಬಬ್ಬಾ ಎಂದರೆ ಮೊಣಕಾಲುದ್ದ. ಹತ್ತಡಿ ನೀರು ತುಂಬಿ ನಿಂತ ಗುಂಡಿಯ ದಡದಲ್ಲಿ ಈ ಹಕ್ಕಿ ಹಸಿದೇ ಇರುತ್ತದೆ.

ಅದು ಗೂಡು ಕಟ್ಟುವುದು ಯಾವಾಗ? ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ, ನಮ್ಮದೇ ಜಿಲ್ಲೆಯ ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಮನೆಗಳ ಪಕ್ಕದ ಮರಗಳ ಮೇಲೆ, ಶಿವರಾತ್ರಿ ಆಸುಪಾಸಿನಿಂದ ಮುಂಗಾರಿನವರೆಗೆ ಈ ಕೊಕ್ಕರೆಗಳ ಬಾಣಂತನ. ಬೇಸಿಗೆಯನ್ನು ಅವು ಲೆಕ್ಕ ಹಾಕಿಯೇ ಆರಿಸಿಕೊಂಡಂತಿದೆ. ಕೆರೆ ಬತ್ತುತ್ತ ಬಂದಂತೆ ಮೀನು ಕಡಿಮೆ ನೀರಿನಲ್ಲಿ ಒತ್ತೊತ್ತಾಗಿ ಸೇರುತ್ತವೆ, ಮರಿಗಳಿಗೆ ಆಹಾರ ಹೊಂಚುವುದು ಸುಲಭ. ನಾವು ಜೆಸಿಬಿ ಇಳಿಸುವುದೂ ಅದೇ ತಿಂಗಳುಗಳಲ್ಲಿ, ಬಗೆಯುವುದೂ ಅದೇ ಅಂಚನ್ನು. ಕಗ್ಗಲಡುವಿನ ಜನ, ವೀರಾಪುರದ ಜನ ಹಕ್ಕಿಗಳನ್ನು ಊರ ಹೆಣ್ಣುಮಕ್ಕಳು ಹೆರಿಗೆಗೆ ಬಂದಂತೆ ನೋಡಿಕೊಳ್ಳುತ್ತಾರೆ. ಹಿಕ್ಕೆ ಬಿದ್ದ ಹುಣಸೆ ಕೆಟ್ಟರೂ ಸಹಿಸುತ್ತಾರೆ, ಕಲ್ಲು ಹೊಡೆದವರನ್ನು ಗದರಿಸುತ್ತಾರೆ, ಹಕ್ಕಿ ಬಂದರೆ ಮಳೆ ಬೆಳೆ ಚೆನ್ನಾಗಿರುತ್ತದೆ ಎನ್ನುತ್ತಾರೆ. ಆದರೆ ಮರ ಅವರೂರಿನದು, ಊಟ ಸುತ್ತಲಿನ ಕೆರೆಗಳದು. ನಮ್ಮ ಕೆರೆಯಲ್ಲಿ ತಟ್ಟೆ ಖಾಲಿಯಾದರೆ ಅವರ ಮರದಲ್ಲಿ ಮರಿ ಉಳಿಯುವುದಿಲ್ಲ. (ವೀರಾಪುರದ ಹಕ್ಕಿಗಳು ಸೈಬೀರಿಯಾದಿಂದ ಬರುತ್ತವೆ ಎಂದು ಅನೇಕರು ನಂಬಿದ್ದಾರೆ. ಬಣ್ಣದ ಕೊಕ್ಕರೆ ನಮ್ಮ ದೇಶದ್ದೇ ಹಕ್ಕಿ. ನೀರು ಕಂಡಲ್ಲಿಗೆ ಸುತ್ತಾಡುತ್ತದೆ, ಅಷ್ಟೆ. ದೂರದ ಅತಿಥಿ ಎನ್ನುವುದಕ್ಕಿಂತ ನೆರೆಮನೆಯ ನೆಂಟ ಎನ್ನುವುದೇ ನನಗೆ ಹೆಚ್ಚು ಇಷ್ಟ.)

ನಮ್ಮ ನೀರು ಹೋಗುವ ದಾರಿಯನ್ನೂ ಒಮ್ಮೆ ನೆನೆಯೋಣ. ಅಗಳಿ ಮಂಡಲದ ಹೊಳೆ ಸುವರ್ಣಮುಖಿ. ಅದು ಗಡಿ ದಾಟಿ ಕರ್ನಾಟಕದೊಳಗೆ ಹರಿದು, ಹಿರಿಯೂರು ತಾಲ್ಲೂಕಿನ ಕೂಡಲಹಳ್ಳಿಯಲ್ಲಿ ವೇದಾವತಿಯನ್ನು ಸೇರುತ್ತದೆ. ವೇದಾವತಿ ಚಳ್ಳಕೆರೆ ಸೀಮೆ ಹಾದು ಮತ್ತೆ ಆಂಧ್ರಕ್ಕೆ ಬಂದು, ರಾಯದುರ್ಗದ ಹತ್ತಿರದ ಭೈರವಾನಿತಿಪ್ಪ ಜಲಾಶಯಕ್ಕೆ ಬೀಳುತ್ತದೆ. ಆಮೇಲೆ ಹಗರಿ ಎನಿಸಿಕೊಂಡು ಬಳ್ಳಾರಿ ಕಡೆ ಹೋಗಿ ತುಂಗಭದ್ರೆಯಲ್ಲಿ ಕೂಡುತ್ತದೆ. ಅಂದರೆ ಮಡಕಶಿರದ ಕನ್ನಡಿಗರ ಕೋಡಿ ನೀರು ಕರ್ನಾಟಕವನ್ನು ಸುತ್ತಿಕೊಂಡು ರಾಯದುರ್ಗದ ಕನ್ನಡಿಗರ ಅಂಗಳಕ್ಕೆ ತಲುಪುತ್ತದೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದಾಗ ನಾವು ಪುಟ್ಟಪರ್ತಿಯ ಕಡೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಕಚೇರಿ ಬೇರೆಯಾಯಿತು, ಹಳ್ಳ ಬೇರೆಯಾಗಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷಗಳ ಬಳಿಕ ಕೋಡಿ ಬಿದ್ದದ್ದು ನಿಮಗೆಲ್ಲ ನೆನಪಿರಬೇಕು. ಅದನ್ನು ನೋಡಲು ನಮ್ಮೂರಿನಿಂದಲೂ ಟೆಂಪೋ ಮಾಡಿಕೊಂಡು ಹೋಗಿದ್ದರು.

ಗಡಿಯ ಕೆರೆಗಳ ಚಿಂತೆ ಹಳೆಯದು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕ್ರಿ.ಶ. 1369ರ ಒಂದು ಶಾಸನವಿದೆ. ವಿಜಯನಗರದ ಒಂದನೇ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನ ಅದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಅದರಲ್ಲಿ ಪಟ್ಟಿ ಮಾಡಿದ್ದಾರೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ, ಚೌಳು ಮಣ್ಣು ಒಂದು ದೋಷ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ. ಮೊದಲ ಸಲ ಓದಿದಾಗ ಎದೆ ಝಲ್ಲೆಂದಿತು. ನಮ್ಮ ಕೆರೆಗಳಿಗೆಲ್ಲ ಹುಟ್ಟಿನಿಂದ ಬಂದ ದೋಷ ಅದು. ಆಗ ಒಂದು ಕಡೆ ಮೈಸೂರು, ಇನ್ನೊಂದು ಕಡೆ ಮದ್ರಾಸು. 1892ರಲ್ಲಿ ಎರಡು ಸರ್ಕಾರಗಳು ಹೊಳೆ ನೀರಿನ ಒಪ್ಪಂದ ಮಾಡಿಕೊಂಡಾಗ ವೇದಾವತಿಯೂ ಅದರ ಪಟ್ಟಿಯಲ್ಲಿ ಸೇರಿತು. ಮೈಸೂರಿನವರು ಮದ್ರಾಸಿನವರನ್ನು ಕೇಳದೆ ಹೊಸ ಕೆರೆ ಕಟ್ಟಬಾರದೆಂಬ ಮಾತಾಯಿತು. ಎಷ್ಟು ನೀರು, ಯಾರ ನೀರು ಎಂಬ ಜಗಳ ಅಂದಿನಿಂದ ಇಂದಿನವರೆಗೂ ಇದೆ. ಆ ನೀರಿನಲ್ಲಿ ಏನಿದೆ ಎಂದು ಮಾತ್ರ ಎರಡು ಕಡೆಯವರೂ ಕೇಳಿಲ್ಲ. ಮೀನಿಗೆ, ಹಕ್ಕಿಗೆ ಯಾವ ಒಪ್ಪಂದದಲ್ಲೂ ಪಾಲು ಬರೆದಿಲ್ಲ.

ಅದೇ ಶಾಸನ ಕೆರೆಯ ನಡುವೆ ಆಮೆ ಬೆನ್ನಿನಂತೆ ದಿಬ್ಬವಿರುವುದನ್ನೂ ದೋಷವೆನ್ನುತ್ತದೆ. ನೀರು ಕಟ್ಟುವವನ ಲೆಕ್ಕದಲ್ಲಿ ಸರಿಯೇ. ಆದರೆ ನೀರು ಸುತ್ತುವರಿದ ದಿಬ್ಬದ ಮೇಲೆ ಮೊಟ್ಟೆಯಿಟ್ಟ ಹಕ್ಕಿಗೆ ನಾಯಿ, ನರಿ, ಹುಡುಗರ ಕಾಟವಿಲ್ಲ. ನಮ್ಮ ದೊಡ್ಡವರ ಮಾತನ್ನು ಇಲ್ಲಿ ನಾನು ಒಪ್ಪಲಾರೆ.

ಈಗ ಒಣಗಿದ ಕೆರೆಯ ಮಾತು. ನೀರಿಲ್ಲದ ಕೆರೆ ಸತ್ತ ಕೆರೆ ಎಂದು ನಾವು ತಿಳಿಯುತ್ತೇವೆ. ಬಿರುಕು ಬಿಟ್ಟ ಆ ಕೆಸರಿನಲ್ಲಿ ಏನೇನಿದೆ ಗೊತ್ತೇ? ಮೊದಲ ಮಳೆಗೆ ಗುಂಡಿಯಲ್ಲಿ ನೀರು ನಿಂತ ವಾರದೊಳಗೆ, ಬೆನ್ನು ಕೆಳಗೆ ಹಾಕಿಕೊಂಡು ಈಜುವ ಗಾಜಿನಂಥ ಹುಳಗಳನ್ನು ಚಿಕ್ಕವರಿದ್ದಾಗ ನೀವೂ ಬೊಗಸೆಯಲ್ಲಿ ಹಿಡಿದಿರುತ್ತೀರಿ. ಅವು ಸೀಗಡಿಯ ದೂರದ ನೆಂಟರು. ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಒಣಗಿ ಬಿದ್ದಿರುತ್ತವೆ, ಬಿಸಿಲಿಗೆ ಸಾಯುವುದಿಲ್ಲ, ನೀರು ಸೋಕಿದರೆ ಒಡೆಯುತ್ತವೆ. ಖಾತ್ರಿಯಿಲ್ಲದ ಮಳೆಯನ್ನು ನಂಬಿ ಎಲ್ಲವೂ ಒಟ್ಟಿಗೆ ಒಡೆಯುವುದಿಲ್ಲ. ಒಂದಷ್ಟು ಮುಂದಿನ ಮಳೆಗೆಂದು ಉಳಿಯುತ್ತವೆ. ಕಣಜದ ರಾಗಿಯಲ್ಲಿ ಬಿತ್ತನೆಗೆಂದು ನಮ್ಮ ಅಜ್ಜಿ ಒಂದು ಪಾಲು ಎತ್ತಿಡುತ್ತಿದ್ದ ಹಾಗೆ. ಮರಿಮೀನುಗಳ ಮೊದಲ ತುತ್ತು ಇಂಥ ಸಣ್ಣ ಜೀವಗಳೇ. ಇದೇ ಮಣ್ಣಿನಲ್ಲಿ ನೈದಿಲೆಯ ಗೆಡ್ಡೆಗಳಿವೆ, ಜೊಂಡಿನ ಬೇರುಗಳಿವೆ, ಮೈಯೆಲ್ಲ ಹೂತುಕೊಂಡು ಮಳೆಗೆ ಕಾಯುವ ಕಪ್ಪೆಗಳಿವೆ. ಕೊರವ ಮೀನು ನೀರು ಬತ್ತಿದರೂ ಒದ್ದೆ ಕೆಸರಿನಲ್ಲಿ ಗಾಳಿಯನ್ನೇ ಉಸಿರಾಡುತ್ತ ದಿನ ತಳ್ಳುತ್ತದೆ. ಅಂಗಳವನ್ನು ಗಟ್ಟಿ ನೆಲ ಸಿಗುವವರೆಗೆ ಹೆರೆದು ಇಟ್ಟಿಗೆ ಗೂಡಿಗೆ ಸಾಗಿಸಿದರೆ ಈ ಬಿತ್ತನೆಯ ಕಾಳೂ ಬೆಂಕಿಗೆ ಹೋಯಿತೆಂದೇ ಅರ್ಥ. ಹೊಲಕ್ಕೆ ಹೋದ ಮಣ್ಣಿನ ಬಗ್ಗೆ ನನ್ನ ತಕರಾರಿಲ್ಲ. ಗೂಡಿಗೆ ಹೋಗುವ ಮಣ್ಣನ್ನು ಕಂಡರೆ ಸಂಕಟವಾಗುತ್ತದೆ.

ಮುಂಗಾರು ಮುಗಿಯುವ ಹೊತ್ತಿಗೆ ಹೊಲದ ಮೇಲೆ ಗುಂಪುಗುಂಪಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆಗಳನ್ನು ಗಮನಿಸಿ. ಮಳೆ ನೀರು ನಿಂತ ಗುಂಡಿಗಳಲ್ಲೇ ಇವುಗಳ ಮರಿ ಬೆಳೆಯುವುದು, ಆರೇಳು ವಾರದಲ್ಲಿ ರೆಕ್ಕೆ ಬಲಿಯುತ್ತದೆ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಕಡಲ ಜೀವಿವಿಜ್ಞಾನಿ, ಸಿಹಿನೀರಿನ ಕೆರೆಕುಂಟೆಗಳೇ ಅಪರೂಪವಾದ ಆ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಲ್ಲಿ ಇವು ಲಕ್ಷಗಟ್ಟಲೆ ಬರುವುದೇಕೆಂದು ವರ್ಷಗಟ್ಟಲೆ ಲೆಕ್ಕ ಇಟ್ಟರು. ಇವು ಭಾರತದಿಂದ ಹಿಂಗಾರಿನ ಗಾಳಿ ಹಿಡಿದು ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ ಎಂದು 2009ರಲ್ಲಿ ಬರೆದರು. ಆಂಡರ್ಸನ್ ಮಾಡಿದ್ದು ದೊಡ್ಡ ಯಂತ್ರದ ಕೆಲಸವಲ್ಲ. ಯಾವತ್ತು ಬಂದವು, ಎಷ್ಟು ಬಂದವು ಎಂದು ವರ್ಷವರ್ಷವೂ ಬರೆದಿಟ್ಟದ್ದು.

ಮೀನಿನ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಿಮ್ಮಲ್ಲಿ ಹಲವರಿಗೆ ಹಣದ ಲೆಕ್ಕವೂ ಇದೆ. ಇಂದು ನಮ್ಮ ಕೆರೆಗಳಲ್ಲಿ ಬಿಡುವ ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಕಡೆಯ ಮೀನುಗಳು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಮರಿ ಸಿಗುವುದು ಸಲೀಸಾಯಿತು, ದೇಶದ ಕೆರೆಗಳಿಗೆಲ್ಲ ಅವು ಹಬ್ಬಿದವು. ಅವುಗಳಿಂದ ಬಡವರ ಮನೆಗೂ ಮೀನು ಬಂತು, ನನಗೆ ದೂರಿಲ್ಲ. ತಿಲಾಪಿಯಾ ಬೇರೆ ಕಥೆ. 1952ರಲ್ಲಿ ದೇಶಕ್ಕೆ ತಂದ ಈ ಆಫ್ರಿಕಾ ಮೂಲದ ಮೀನನ್ನು ನಾವು ಜಿಲೇಬಿ ಮೀನು ಎಂದು ಕರೆಯುತ್ತೇವೆ. ಬಾಯಲ್ಲೇ ಮರಿ ಸಾಕುವ ಇದು ಒಮ್ಮೆ ಹೊಕ್ಕರೆ ಬೇರೆಯವಕ್ಕೆ ಜಾಗ ಬಿಡುವುದಿಲ್ಲ. ಸೊಳ್ಳೆ ತಿನ್ನಲೆಂದು 1928ರಲ್ಲಿ ಬಂದ ಗ್ಯಾಂಬೂಸಿಯಾ ಕಪ್ಪೆಮರಿಗಳನ್ನೂ, ದೇಸಿ ಮೀನಿನ ಮೊಟ್ಟೆಗಳನ್ನೂ ತಿನ್ನುತ್ತದೆ. ಸರ್ಕಾರವೇ ಸಾಕಣೆ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಕದ್ದುಮುಚ್ಚಿ ಕೆರೆಗಳಿಗೆ ಸೇರುತ್ತಿದೆ. ದಯವಿಟ್ಟು ಮರಿ ತಂದವರು ಡಬ್ಬಿಯಲ್ಲಿ ಏನಿದೆ ಎಂದು ನೋಡಿ ಬಿಡಿ.

ನಮ್ಮ ಮೀನುಗಳು ಯಾವುವು? ಕೊರವ, ಕುಚ್ಚು, ಚೇಳುಮೀನು, ಹಾವುಮೀನು, ಪಕ್ಕೆ, ಸಸಲು. ನಮ್ಮ ತಾತ ಕೋಡಿ ಬಿದ್ದ ದಿನ ಕೂಳಿ ಇಟ್ಟು ಎದುರು ನೀರಿಗೆ ಹತ್ತುವ ಮೀನು ಹಿಡಿಯುತ್ತಿದ್ದರು. ಆದರೆ ಕೆಂಪಗೆ ಬೆಂಕಿಕಡ್ಡಿಯ ತಲೆಗಳಂತೆ ಗುಂಪಾಗಿ ಈಜುವ ಮರಿಗಳು ಕಂಡರೆ ಅವುಗಳ ಕೆಳಗಿರುವ ದೊಡ್ಡ ಕೊರವಕ್ಕೆ ಗಾಳ ಹಾಕುತ್ತಿರಲಿಲ್ಲ, ನಮಗೂ ಬಿಡುತ್ತಿರಲಿಲ್ಲ. ಕೊರವ ಮರಿಗಳನ್ನು ಕಾಯುವ ಮೀನು. ಕಾಯುವ ಮೀನು ಹೋದರೆ ಆ ನೂರಾರು ಮರಿಗಳನ್ನು ಬೇರೆ ಮೀನು ಅರ್ಧ ದಿನದಲ್ಲಿ ಮುಗಿಸುತ್ತವೆ. ಪುಸ್ತಕದಲ್ಲಿ ಇದನ್ನು ಓದಿದ್ದು ನಾನು ಎಂ.ಎಸ್ಸಿಗೆ ಬಂದ ಮೇಲೆ. ತಾತ ಸಹಿಯ ಬದಲು ಹೆಬ್ಬೆಟ್ಟು ಒತ್ತುತ್ತಿದ್ದರು.

ಆ ತಿಳಿವಳಿಕೆ ಎಲ್ಲಿ ಬರೆದಿದೆ? ಎಲ್ಲೂ ಇಲ್ಲ. ಮಂಡಲ ಕಚೇರಿಯ ಕಡತ ತೆಲುಗಿನಲ್ಲಿದೆ, ವಿಜ್ಞಾನದ ಪಟ್ಟಿ ಲ್ಯಾಟಿನ್ ಹೆಸರುಗಳಲ್ಲಿದೆ, ಕರ್ನಾಟಕದ ಕೆರೆ ಪುಸ್ತಕಗಳು ಗಡಿಯ ಗೆರೆಗೆ ಬಂದು ನಿಂತುಬಿಡುತ್ತವೆ. ನೊಳಂಬ ಅರಸರ ಹೇಮಾವತಿ ಊರಿನಿಂದ ಹಿಡಿದು ಅಗಳಿಯವರೆಗೆ ಕನ್ನಡ ಮಾತಾಡುವ ನಮ್ಮ ಬಾಯಲ್ಲಿ ಮಾತ್ರ ಕೆರೆಯ ಹೆಸರುಗಳು ಬದುಕಿವೆ. ಊರ ಹೆಸರುಗಳನ್ನೇ ನೋಡಿ: ಕೋಡಿಹಳ್ಳಿ, ಹುಲಿಕೆರೆ ದೇವರಹಳ್ಳಿ, ಬ್ಯಾಡಗೆರೆ. ನಮ್ಮ ಮಕ್ಕಳು ಈ ಊರುಗಳಿಂದ ಕನ್ನಡ ಶಾಲೆಗೆ ಹೋಗುತ್ತಾರೆ. ನನ್ನ ತಂಗಿಯ ಮಗನಿಗೆ ಗುಳುಮುಳುಕ ಎಂದರೆ ಏನೆಂದು ಕೇಳಿದೆ, ತಿಳಿಯಲಿಲ್ಲ. ಅದು ದಿನಾ ಅವನ ಕಣ್ಣೆದುರೇ ಮುಳುಗಿ ಏಳುವ ಹಕ್ಕಿ.

ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳಬಹುದು. ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶಗಳ ನಿಯಮಗಳನ್ನು ಆಸೆಯಿಂದ ತೆರೆದು ನೋಡಿದೆ. ನೀರಾವರಿಗಾಗಿ, ಕುಡಿಯುವ ನೀರಿಗಾಗಿ ಮನುಷ್ಯರು ಕಟ್ಟಿದ ಜಲಕಾಯಗಳನ್ನು ಆ ನಿಯಮಗಳು ಹೊರಗಿಟ್ಟಿವೆ. ಅಂದರೆ ಆ ಪುಸ್ತಕದ ಪ್ರಕಾರ ನಮ್ಮ ಒಂದು ಕೆರೆಯೂ ಜೌಗು ಪ್ರದೇಶವಲ್ಲ. ಆದರೆ ಇದೇ ದೇಶ 2024ರ ಜನವರಿಯಲ್ಲಿ ಕರ್ನಾಟಕದ ಮೂರು ತಾಣಗಳನ್ನು ಜಗತ್ತಿನ ರಾಮ್ಸರ್ ಪಟ್ಟಿಗೆ ಸೇರಿಸಿತು. ಅದರಲ್ಲಿ ಎರಡು ನಮ್ಮಂಥವೇ ಕಟ್ಟಿದ ಕೆರೆಗಳು: ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ. ಮಾಗಡಿಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅಂಕಸಮುದ್ರದ ಕೆರೆಯಂಗಳದ ಕರಿಜಾಲಿ ಮರಗಳ ಮೇಲೆ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುತ್ತವೆ. ಕೆರೆ ಕಟ್ಟಿದ್ದು ಮನುಷ್ಯರೇ, ನೂರಾರು ವರ್ಷ ಅದನ್ನು ತುಂಬಿಕೊಂಡದ್ದು ಬೇರೆಯವರು.

ನಮಗೆ ದಾರಿ ಬೇರೆ ಕಡೆಯಿಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಮೀನು, ಹಕ್ಕಿ, ಅವುಗಳ ಬಗೆಗಿನ ಜನರ ಅರಿವು ಎಲ್ಲವನ್ನೂ ಸಮಿತಿ ಒಂದು ದಾಖಲಾತಿ ಪುಸ್ತಕದಲ್ಲಿ ಜನರನ್ನು ಕೇಳಿಯೇ ಬರೆಯಬೇಕು. ಹಸಿರು ನ್ಯಾಯಮಂಡಳಿ ಗಡುವು ವಿಧಿಸಿದ ಮೇಲೆ 2020ರ ಹೊತ್ತಿಗೆ ದೇಶದ ಅನೇಕ ಕಡೆ ಈ ಪುಸ್ತಕಗಳನ್ನು ಅವಸರದಲ್ಲಿ ತುಂಬಿದರು. ನಮ್ಮ ಪಂಚಾಯಿತಿಯದನ್ನು ತೆರೆದು ಓದುವ ಹಕ್ಕು ನಮಗಿದೆ, ಕೆರೆಯ ಪುಟ ಖಾಲಿಯಿದ್ದರೆ ತುಂಬಿಸುವ ಹಕ್ಕೂ ಇದೆ. ಹೈದರಾಬಾದ್ ಹತ್ತಿರದ ಅಮೀನ್‌ಪುರ ಕೆರೆ, ಕುತುಬ್ ಶಾಹಿಗಳ ಕಾಲದ ಕಟ್ಟಿದ ಕೆರೆಯೇ, 2016ರಲ್ಲಿ ಇದೇ ಕಾಯ್ದೆಯಡಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ದೇಶದಲ್ಲಿ ಆ ಮನ್ನಣೆ ಪಡೆದ ಮೊದಲ ಜಲಕಾಯ ಅದು. ಬರೆದಿಟ್ಟ ಪುರಾವೆ ಇಲ್ಲದಿದ್ದರೆ ಯಾವ ಅಧಿಕಾರಿಯ ಮುಂದೆಯೂ ನಮ್ಮ ಮಾತು ನಿಲ್ಲುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ: ನಿಮ್ಮ ಊರಿನ ಕೆರೆಗೆ ಒಂದು ಪುಸ್ತಕ ಇಡಿ. ಕನ್ನಡದಲ್ಲೇ ಇಡಿ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಕೆರೆಯ ಹೆಸರು, ನೀರು ಬರುವ ಹಳ್ಳಗಳ ಹೆಸರು, ಕೋಡಿ ನೀರು ಯಾವ ಕೆರೆಗೆ ಹೋಗುತ್ತದೆ ಎಂಬುದು. ಆಮೇಲೆ ವಾರಕ್ಕೊಂದು ಸಲ, ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನಿಂತು ನೋಡಿದ್ದನ್ನು ಬರೆಯಬೇಕು. ತೂಬಿನ ಕಲ್ಲಿಗೆ ಬಣ್ಣದ ಗೆರೆ ಎಳೆದರೆ ನೀರಿನ ಮಟ್ಟದ ಲೆಕ್ಕ ಸಿಕ್ಕಿತು. ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು ಊಟದ ತಟ್ಟೆಯಷ್ಟು ಅಗಲದ ತಗಡಿಗೆ ಬಿಳಿ ಬಣ್ಣ ಬಳಿದು, ಗೇಣಿಗೊಂದು ಗಂಟು ಹಾಕಿದ ಹಗ್ಗದಲ್ಲಿ ಇಳಿಬಿಡಿ. ತಟ್ಟೆ ಕಣ್ಮರೆಯಾಗುವ ಗಂಟು ಎಷ್ಟನೆಯದು ಎಂದು ಬರೆಯಿರಿ. ಇಟಲಿಯ ಪಾದ್ರಿ ಆಂಜೆಲೋ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಕಡಲಲ್ಲಿ ಮಾಡಿದ್ದು ಇದನ್ನೇ, ಜಗತ್ತಿನ ಸರೋವರ ವಿಜ್ಞಾನಿಗಳು ಇವತ್ತಿಗೂ ಮಾಡುವುದು ಇದನ್ನೇ. ವಾರವಾರಕ್ಕೂ ಗಂಟು ಕಡಿಮೆಯಾಗುತ್ತ ಹೋಗಿ ನೀರು ಹಸಿರುಗಟ್ಟಿದರೆ, ತೋಟದ ಗೊಬ್ಬರವೋ ಊರ ಚರಂಡಿಯೋ ಕೆರೆಗೆ ಸೇರುತ್ತಿದೆ ಎಂದು ತಿಳಿಯಬೇಕು. ಪಾಚಿ ಹೆಚ್ಚಾದ ನೀರಿನಲ್ಲಿ ರಾತ್ರಿ ಹೊತ್ತು ಆಮ್ಲಜನಕ ಕುಸಿಯುತ್ತದೆ. ಬೆಳಗಿನ ಜಾವ ಮೀನುಗಳು ಬಾಯಿ ಮೇಲೆತ್ತಿ ಏದುಸಿರು ಬಿಡುವುದನ್ನು ಮೊದಲು ಕಾಣುವವರು ಬಟ್ಟೆ ಒಗೆಯಲು ಬಂದ ಹೆಂಗಸರು. ಅದನ್ನು ಅವರಿಂದಲೇ ಬರೆಸಿ. ಬಲೆಗೆ ಬಿದ್ದ ಮೀನುಗಳ ಹೆಸರು ಬೆಸ್ತರು ಹೇಳಲಿ, ದಡದ ಒಂದೆಲಗ, ಹೊನಗೊನೆ ಸೊಪ್ಪು ಯಾವ ತಿಂಗಳು ಚಿಗುರಿತು ಎಂದು ಅಜ್ಜಿಯಂದಿರು ಹೇಳಲಿ, ಹಕ್ಕಿ ಎಣಿಸುವ ಕೆಲಸ ಮಕ್ಕಳಿಗೆ ಬಿಡಿ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಎಣಿಸುವವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ, ಆಸಕ್ತರು.

ಹೂಳೆತ್ತುವ ಸರದಿ ಬಂದಾಗ ಈ ಪುಸ್ತಕ ಮುಂದಿಟ್ಟುಕೊಂಡು ಕೂರಿ. ನನ್ನ ಅನುಭವದಲ್ಲಿ ಕೆಲವು ಮಾತು ಹೇಳುತ್ತೇನೆ, ನಿಮ್ಮೂರಿನ ಕೆರೆಗೆ ಹೊಂದುವಂತೆ ತಿದ್ದಿಕೊಳ್ಳಿ. ಏರಿ ಕಡೆಯ ಆಳದಲ್ಲಿ, ಏರಿಯ ಬುಡಕ್ಕೆ ಧಕ್ಕೆಯಾಗದಷ್ಟು ದೂರ ಬಿಟ್ಟು ತೆಗೆಯಿರಿ. ನೀರು ಒಳಬರುವ ಹಿಂಭಾಗದ ಇಳಿಜಾರನ್ನು, ಹಕ್ಕಿ ನಡೆಯುವ, ದನ ನೀರು ಕುಡಿಯುವ ಆ ಕಡಿಮೆ ಆಳದ ಅಂಚನ್ನು ಮುಟ್ಟಬೇಡಿ. ಅಲ್ಲಿ ಜೊಂಡು ನಿಂತಿದ್ದರೆ ಹಳ್ಳದ ಹೂಳನ್ನು ಅದೇ ತಡೆಯುತ್ತದೆ. ಇಡೀ ಕೆರೆಯನ್ನು ಒಂದೇ ಬೇಸಿಗೆಯಲ್ಲಿ ಬಗೆಯುವ ಬದಲು ಈ ವರ್ಷ ಒಂದು ಪಾಲು, ಮರುವರ್ಷ ಇನ್ನೊಂದು ಪಾಲು ಮಾಡಿ, ಮಣ್ಣಿನೊಳಗಿನ ಬಿತ್ತನೆ ಉಳಿಯುತ್ತದೆ. ಕೊನೆಯ ಮಡುವಿನ ನೀರನ್ನು ಪಂಪಿಟ್ಟು ಬರಿದು ಮಾಡಬೇಡಿ. ಮಳೆ ಬಂದಾಗ ಕೆರೆಗೆ ಮತ್ತೆ ಮೀನು ತುಂಬುವುದು ಆ ಮಡುವಿನಿಂದ. ಬಳ್ಳಾರಿ ಜಾಲಿಯನ್ನು ಬೇರುಸಮೇತ ಕಿತ್ತುಹಾಕಿ, ಸಂತೋಷ. ಕರಿಜಾಲಿ, ಹೊಂಗೆ, ಹುಣಸೆ ಉಳಿಸಿ. ನೀರು ಬರುವ ಹಳ್ಳ ಮುಚ್ಚಿಹೋಗಿದ್ದರೆ ಅಂಗಳ ಎಷ್ಟು ಆಳ ಮಾಡಿಯೂ ಫಲವಿಲ್ಲ, ಮೊದಲು ಅದನ್ನು ಬಿಡಿಸಿ. ಅದರಲ್ಲಿ ಯಾರ ಹೊಲ ಒತ್ತುವರಿಯಾಗಿದೆ ಎಂಬ ಮಾತು ಬಂದೇ ಬರುತ್ತದೆ. ನಮ್ಮ ಮನೆಯ ಹೊಲದ್ದೂ ಎರಡು ಗುಂಟೆ ಅದರಲ್ಲಿದೆ. ಅಪ್ಪನ ಜೊತೆ ಮಾತಾಡಿದ್ದೇನೆ, ಬಿಟ್ಟುಕೊಡುತ್ತೇವೆ.

ಹಂದ್ರಿ-ನೀವಾ ಕಾಲುವೆಯಿಂದ ಕೃಷ್ಣೆಯ ನೀರು ನಮ್ಮ ಕೆರೆಗಳಿಗೂ ಬರಲೆಂದು ನಾವೆಲ್ಲ ಕಾಯುತ್ತಿದ್ದೇವೆ. ಬರಲಿ. ಬರುವ ನೀರಿನ ಜೊತೆ ಬೇರೆ ಹೊಳೆಯ ಮೀನು, ಬೇರೆ ಕಳೆಯೂ ಬರುತ್ತವೆ. ಇಂದು ನಮ್ಮ ಕೆರೆಯಲ್ಲಿ ಏನಿದೆ ಎಂದು ಬರೆದಿಟ್ಟರೆ ನಾಳೆ ಏನು ಬಂತು, ಏನು ಹೋಯಿತು ಎಂದು ಹೇಳಬಲ್ಲೆವು.

ರಾಯದುರ್ಗದ ಕಡೆ, ಗುಮ್ಮಘಟ್ಟದ ಕಡೆ ಇರುವ ಕನ್ನಡದ ರೈತರಿಗೂ ಈ ಕಾಗದದ ಪ್ರತಿ ಕಳಿಸುತ್ತಿದ್ದೇನೆ. ಶಿರಾ, ಹಿರಿಯೂರಿನ ಗೆಳೆಯರಿಗೂ. ನಮ್ಮ ಕೋಡಿಯಿಂದ ಹೊರಟ ನೀರು ಅವರನ್ನು ಮುಟ್ಟುವ ಮೊದಲು ನಮ್ಮ ಪುಸ್ತಕ ಅವರ ಕೈ ಸೇರಲಿ, ಅವರದು ನಮಗೆ ಬರಲಿ ಎಂಬ ಆಸೆ.

ಯುಗಾದಿ ಮುಗಿದ ಮರು ಭಾನುವಾರ ಬೆಳಿಗ್ಗೆ ಆರಕ್ಕೆ ನಾನು ನಮ್ಮೂರ ಕೆರೆಯ ತೂಬಿನ ಹತ್ತಿರ ಇರುತ್ತೇನೆ. ಹತ್ತು ನೋಟ್‌ಬುಕ್, ಬಿಳಿ ಬಣ್ಣ ಬಳಿದ ಹತ್ತು ತಗಡು, ಎರಡು ದುರ್ಬೀನು ತರುತ್ತೇನೆ. ಹಗ್ಗ ನೀವು ತನ್ನಿ. ಹಳೆಯ ನೀರುಗಂಟಿಗಳು ಯಾರಾದರೂ ಇದ್ದರೆ ಕೈಹಿಡಿದು ಕರೆದುಕೊಂಡು ಬನ್ನಿ, ಮೊದಲ ಪುಟ ಅವರ ಬಾಯಿಂದಲೇ ಬರೆಯೋಣ.

ಇಂತಿ ನಿಮ್ಮವನು,
ಅಗಳಿ ಮಂಡಲದ ಒಬ್ಬ ನೀರುಗಂಟಿಯ ಮೊಮ್ಮಗ